ಅತ್ತಿ ಕನ್ನಡಿ ಮ್ಯಾಲ ಇಂಜಿನ್ ತಲಿ

...ಮುಟ್ಟಬ್ಯಾಡಲೇ ಸಿದ್ದು, ಆ ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ ಅಂದೆ! ಒಳಗ ಕುದಿಯಾಕ ಹತ್ತೈತಿ, ಈಗ ತೆಗದ್ರ ನೀರು ಮಾರಿಗೆ ಹಾರಿ, ಎಷ್ಟು ಜ್ವಾಕಿಯಿಂದ ಗಡ್ಡ ಬೆಳಸಿಯಲ್ಲ, ಅದು ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸುಲದು ಬರ್ತೈತಿ. ಬಾ, ಕಟ್ಟಿ ಮ್ಯಾಲ ಕುಂದ್ರು. ಪಲ್ಲವಿ, ನೀನೂ ಆ ಫೋನ್ ಕೆಳಗಿಡು. ತಣ್ಣಗಾಗಾಕ ಹೊತ್ತು ಹಿಡಿತೈತಿ, ಇಂಜಿನ್ನೇನು ನಿಮ್ಮಪ್ಪನ ಸಿಟ್ಟಲ್ಲ, ಒಂದು ಕಪ್ ಚಾ ಕೊಟ್ರ ಇಳಿಯಾಕ. ಏನ್ ನಗ್ತಿ? ಅಜ್ಜಿಗೇನು ಗೊತ್ತು ಅಂತೀಯೇನು? ಲೇ, ಇದೇ ಅಂಗಳದಾಗ ಇಂಜಿನ್ ಬಿಚ್ಚಿದಾಕಿ ನಾನು. ಬಿಚ್ಚಿದಾಕಿ ಅಂದ್ರ, ಸುಳ್ಳ್ಯಾಕ ಹೇಳ್ಲಿ, ಬಿಚ್ಚಿದ್ದು ನಿಮ್ಮಜ್ಜ, ನಾ ಪಾನಾ ಕೊಟ್ಟೆ. ಆದ್ರ ಯಾವ ನಟ್ಟಿಗೆ ಯಾವ ಪಾನಾ ಅಂತ ಅವ್ರು ಕೈ ಚಾಚೋದ್ರೊಳಗ ಕೈಯಾಗ ಇಡ್ತಿದ್ದೆ, ಗೊತ್ತೈತೇನು.

ಆಗ ನಾ ಕಾಲೇಜು ಬಿಟ್ಟು ಮದುವಿಯಾಗಿ ಹೊಸಪ್ಯಾಟಿಗೆ ಬಂದ ಹೊಸದು. ಫೇಲಾಗಿ ಬಿಟ್ಟಿದ್ದಲ್ಲ ಮತ್ತ, ಬ್ಯಾಸರಾಗಿ ಬಿಟ್ಟಿದ್ದು. ಬೆಂಚಿನ ಮ್ಯಾಲ ಕುಂತ್ರ ನನಗ ಇರಿವಿ ಹತ್ತಿದಂಗ ಆಗ್ತಿತ್ತು. ನಮ್ಮಪ್ಪ ನೋಡೇ ನೋಡಿದ, "ಒಂದು ಕಡೆ ಕುಂದ್ರಾಕ ಬರದ ಹುಡುಗಿನ್ನ ಟ್ಯಾಕ್ಸಿಯಂವಗ ಕೊಟ್ರ ಚಲೋ, ತಿರಗ್ಯಾಡಿಕೊಂಡರ ಇರ್ತಾಳ" ಅಂತ ಕೊಟ್ಟೇಬಿಟ್ಟ. ನಿಮ್ಮಜ್ಜಂದು ಹಳದಿ ಟಾಪಿನ ಕರೇ ಕಾರು, ಯಾರೋ ಓಡಿಸಿ ಓಡಿಸಿ ಸಾಕಾಗಿ ಮಾರಿದ್ದು. ಬೆಳಗಾದ್ರ ಸ್ಟೇಷನ್ನಿಗೆ ಹೋಗಿ ನಿಂತು, ಹಂಪಿ ನೋಡಾಕ ಬಂದೋರನ್ನ ಹತ್ತಿಸಿಕೊಂಡು ಕಡ್ಡಿರಾಂಪುರದ ಮ್ಯಾಲ ಹಾದು ಹೋಗೋದು, ತಿರುಗಿ ಬರೋದು. ಮನ್ಯಾಗ ನಾವು ಮೂರು ಮಂದಿ, ಅವ್ರು, ನಾನು, ನಮ್ಮತ್ತಿ ನೀಲವ್ವ. ಮೂರೂ ಹೊಟ್ಟಿ ಆ ಕಾರಿನ ಮ್ಯಾಲ. ಅದು ನಿಂತ್ರ ಒಲಿನೂ ನಿಂತಂಗ. ಬಂಗಾರದಂಥ ದಿನ ಅಂತ ಹೇಳ್ತಾರಲ್ಲ ಈಗಿನೋರು, ಯಾವ ಬಂಗಾರ, ಜ್ವಾಳದ ನುಚ್ಚು ನೀರ್ನೀರ ಮಾಡಿ ಉಣ್ತಿದ್ವಿ ಒಮ್ಮೊಮ್ಮೆ. ಆ ಮಾತು ಬಿಡ್ರಿ ಈಗ.

ನಮ್ಮತ್ತಿ ಗಂಡನ್ನ ಕಳ್ಕೊಂಡಾಕಿ. ಆಗಿನ ಮಂದಿ ಹೆಂಗಿದ್ರು ಅಂದ್ರ, ಆಗಿನ ಮಂದಿ ಅಂತೀನಿ, ಈಗಿನೋರೇನು ಭಾಳ ಸುಧಾರಿಸ್ಯಾರೇನು, ಇರ್ಲಿ. ಗಂಡಿಲ್ಲದ ಹೆಣ್ಮಗಳು ಶುಭದ ಕೆಲಸಕ್ಕ ಮುಂದ ಬರಬಾರದು, ಕುಂಕುಮದ ಬಟ್ಟಲ ಮುಟ್ಟಬಾರದು. ಆದ್ರ ನಿಮ್ಮಜ್ಜ ಒಂದು ಹಟ ಹಿಡದಿದ್ರು: ಮಹಾನವಮಿ ದಿನ ಕಾರಿನ ಪೂಜಿ ತಮ್ಮವ್ವನ ಕೈಲೇನ ಆಗಬೇಕು. "ನನಗ ಸ್ಟೇರಿಂಗ್ ಹಿಡಿಯಾಕ ಧೈರ್ಯ ಕೊಟ್ಟಾಕಿ ಅಕಿ, ಅಕಿ ಕೈಲೆ ಆಗದಿದ್ರ ನನ್ನ ಕಾರಿಗೆ ಪೂಜಿನ ಬ್ಯಾಡ" ಅಂತಿದ್ರು. ಎದುರುಮನಿ ಪಾರ್ವತಕ್ಕಗ ಇದು ಹೊಟ್ಟಿಯೊಳಗಿನ ಕಲ್ಲು. ನಾ ಸೊಸಿಯಾಗಿ ಬಂದ ಮ್ಯಾಲಂತೂ ಬಾಗಿಲಿಗೆ ಬಂದು ನಿಂತು, "ನಮ್ಮಪ್ಪಾ, ಸೊಸಿ ಇಲ್ಲೇನಪ್ಪಾ ಮನ್ಯಾಗ? ಮುತ್ತೈದಿ ಕೈಲೆ ಮಾಡಸ್ಬಾರದೇನು?" ಅಂತ ರಾಗ ಎಳಿತಿದ್ಲು. ನಮ್ಮತ್ತಿ ಕೇಳಿದ್ರೂ ಕೇಳದಂಗ ಹಾರ ಕಟ್ಟಾಕಿ.

ಮತ್ತ ಹಾರ ಅಂದ್ರ ಹಾರ! ಆ ವರ್ಷ ಚೆಂಡುಹೂವು ಬುಟ್ಟಿಗಟ್ಲೆ ಬಂದಿತ್ತು. ಅತ್ತಿ ನನ್ನ ತೋಳಿನಷ್ಟು ದಪ್ಪ, ಈಗಿನ ತೋಳಲ್ಲ, ಆಗ ಸಣ್ಣಕಿದ್ದೆ, ಆದ್ರೂ ತೋಳಿನಷ್ಟು ದಪ್ಪ ಹಾರ ಕಟ್ಟಿ, ಕಾರಿನ ಮುಂದಿನ ಜಾಳಿಗಿಗೆ ಸಾಲಿಗೆ ಸಾಲು ಬಿಗದುಬಿಟ್ಲು. ನಡುವ ಮಾವಿನ ಸೊಪ್ಪು, ಆಕಡಿ ಈಕಡಿ ಬಾಳಿಗಿಡ. ಕಾರು ಕಾರಿನಂಗ ಕಾಣಲಿಲ್ಲ, ಮದುವಿ ಗಂಡಿನಂಗ ಕಾಣ್ತು. ಅಕಿದೊಂದು ಕಟ್ಟುಪಾಡು: ಪೂಜಿ ಹಾರ ಕೀಳಬಾರದು, ತಾನಾಗೆ ಒಣಗಿ ಉದರಬೇಕು. ಬನ್ನಿ ಕೊಟ್ಟು ತಗೊಂಡಿದ್ದಾತು, ಬಾಳಿಗಿಡ ಬಿಚ್ಚಿದ್ದಾತು, ಹಾರ ಹಂಗೇ ಇತ್ತು. ಹಬ್ಬಕ್ಕ ಬಂದಿದ್ದ ನನ್ನ ನಾದಿನಿನ್ನ ಸಂಡೂರಿಗೆ ಬಿಟ್ಟು ಬರಾಕ ನಾನೂ ನಿಮ್ಮಜ್ಜನೂ ಹೋದ್ವಿ.

ಬರೋ ಹೊತ್ತಿಗೆ ಆತು ನೋಡ್ರಿ ಕಥಿ. ಮುಂದ ಅದಿರಿನ ಲಾರಿ ಸಾಲು, ಕೆಂಪು ಧೂಳು ಅಂದ್ರ ಧೂಳು, ನಾ ಹಲ್ಲು ತಿಕ್ಕಿದ್ರೂ ಕೆಂಪು ನೀರ ಬರಬೇಕು. ಘಟ್ಟ ಏರಾಕ ಹತ್ತಿದ್ವಿ, ಕಾರು ದಮ್ಮು ಬಂದ ಮುದುಕನಂಗ ಏದುಸಿರು ಬಿಡಾಕ ಹತ್ತಿತು. ಬಿಸಿ ತೋರಿಸೋ ಮುಳ್ಳು? ಅದು ನಮ್ಮ ಮದುವಿಗೂ ಮುಂಚೆ ಸತ್ತಿತ್ತು. ಟಣ್ ಟಣ್ ಅಂತು, ಬಾನೆಟ್ ಸಂದ್ಯಾಗಿಂದ ಬುಸ್ ಅಂತ ಹಬೆ, ನಿಂತೇಬಿಡ್ತು. ಇಳದು ನೋಡ್ತಾರ, ಹಸಿ ಹೂವಿನ ಮ್ಯಾಲ ಅದಿರಿನ ಧೂಳು ಕುಂತು ಕುಂತು, ಹಾರ ಹಾರಾಗಿ ಉಳದಿಲ್ಲ, ಇಟ್ಟಂಗಿ ಆಗೈತಿ! ರೇಡಿಯೇಟರಿಗೆ ಒಂದು ಎಳಿ ಗಾಳಿ ಹೋಗಾಕ ಜಾಗಿಲ್ಲ. ನಾ ಬಾಯಿ ಹೊಲ್ಕೊಂಡಿರೋ ಪೈಕಿ ಅಲ್ಲ, "ರೀ, ನಿಮ್ಮವ್ವನ ಹಾರ ಇಂಜಿನ್ನಿನ ಮೂಗು ಹಿಡದು ಕೊಂದೈತಿ" ಅಂದೆ. ನಿಮ್ಮಜ್ಜ ನಗಲಿಲ್ಲ. ಹಾರ ಕಿತ್ತು, ಕೈ ಮುಗದು, ಗಿಡದ ಬುಡಕ್ಕ ಇಟ್ರು. ಇಟ್ಟು ಅಂದ್ರು, "ಗಂಗಾ, ಇದು ಮನ್ಯಾಗ ಗೊತ್ತಾಗಬಾರದು. ಪಾರ್ವತಕ್ಕನ ಕಿವಿಗೆ ಬಿದ್ರ ಮುಗೀತು. ನಮ್ಮವ್ವ ಇನ್ನ ಜನ್ಮದಾಗ ಪೂಜಿಗೆ ಕೈ ಹಚ್ಚಂಗಿಲ್ಲ."

ತಣ್ಣಗಾದ ಮ್ಯಾಲ ನೀರು ಹಾಕಿ ಚಾಲೂ ಮಾಡಿದ್ರ ಸೈಲೆನ್ಸರಿನಿಂದ ಬೆಳ್ಳನ ಹೊಗಿ. ಎಣ್ಣಿ ಕಡ್ಡಿ ಎಳದು ನೋಡಿದ್ರ, ಎಣ್ಣಿ ಎಲ್ಲೈತಿ, ಹಾಲು ಹಾಕಿದ ಚಾ ಆಗೈತಿ! ಅಂದ್ರ ನೀರು ಎಣ್ಣಿಯೊಳಗ ಹೊಕ್ಕೈತಿ, ಇಂಜಿನ್ನಿನ ತಲಿ ಐತಲ್ಲ, ಹೆಡ್ಡು, ಅದು ಕಾದು ಡೊಂಕಾಗೈತಿ, ಕೆಳಗಿನ ಗ್ಯಾಸ್ಕೆಟ್ ಸುಟ್ಟೈತಿ. ಕುರೆಕುಪ್ಪದ ಲಾರಿಯಂವೊಬ್ಬ ಪುಣ್ಯಾತ್ಮ ಹಗ್ಗ ಕಟ್ಟಿ ಮನಿ ತನಕ ಎಳ್ಕೊಂಡು ಬಂದ. ರಿಪೇರಿ ಶೆಡ್ಡಿಗೆ ಯಾಕ ಹಾಕಲಿಲ್ಲ ಅಂತಿ? ಹಾಕಿದ್ರ ಮಿಸ್ತ್ರಿ ರೇಡಿಯೇಟರಿನ ಮಾರಿ ನೋಡಿದ ಕೂಡ್ಲೆ "ಹಾರದಿಂದ ಆಗೈತ್ರಿ" ಅಂತಿದ್ದ, ಸಂಜಿಯೊಳಗ ಓಣಿ ತುಂಬ ಆಗ್ತಿತ್ತು. ಅದಕ್ಕ ಮನ್ಯಾಗೇ.

ಆದ್ರ ಹಾರದ ಸುದ್ದಿ ಬೇಕಾಗಲೇ ಇಲ್ಲ ಪಾರ್ವತಕ್ಕಗ. ಕಾರು ಹಗ್ಗದ ತುದಿಗೆ ಎಮ್ಮಿಯಂಗ ಬರೋದನ್ನ ನೋಡಿದ್ದೇ ಸಾಕಾತು. "ನಾ ಹೇಳಿರ್ಲಿಲ್ಲೇನು? ಹಂಥೋರ ಕೈ ಬಿದ್ರ ಹಿಂಗ ಆಗೋದು" ಅಂದ್ಲು, ಮೆಲ್ಲಗಲ್ಲ ಮತ್ತ, ಓಣಿ ತುದಿ ನೀರಿನ ಟಾಕಿ ತನಕ ಕೇಳಂಗ. ನಮ್ಮತ್ತಿ ಬಾಗಿಲದಾಗ ನಿಂತಿದ್ಲು. ಒಳಗ ಹೋದ್ಲು. ಆವತ್ತು ರೊಟ್ಟಿ ಮುರದು ಮುರದು ತಾಟಿನ್ಯಾಗೇ ಇಟ್ಲು. ದೀಪ ಹಚ್ಚೋ ಹೊತ್ತಿಗೆ ನನ್ನ ಕರದು, "ಗಂಗಾ, ಇನ್ನ ಮ್ಯಾಲ ನೀನ ಹಚ್ಚವ್ವ" ಅಂತ ಕಡ್ಡಿಪೆಟಗಿ ನನ್ನ ಕೈಗೆ ಇಟ್ಲು. ನಾ ಕಡ್ಡಿ ಗೀರಿ ದೀಪ ಹಚ್ಚಿದೆ.

ಬೆಳಿಗ್ಗೆ ಎದ್ದು ಕೆಲಸಕ್ಕ ಹತ್ತಿದ್ವಿ. ಹೆಡ್ಡಿನ ನಟ್ಟು ಒಮ್ಮೆಲೆ ಬಿಚ್ಚಬಾರದು, ಅಂಚಿನಿಂದ ನಡುವಕ್ಕ ಸ್ವಲ್ಪ ಸ್ವಲ್ಪ ಸಡಲಿಸಬೇಕು. ಜಗಳ ಬಿಡಿಸಿದಂಗ. ತೆಗದ ಹೆಡ್ಡನ್ನ ಅಂಗಳದಾಗ ಇಟ್ಟು ಉಕ್ಕಿನ ಸ್ಕೇಲು ಅಡ್ಡ ಹಿಡದ್ರ ನಡುವ ಬೆಳಕು ಕಾಣ್ತು. ಡೊಂಕು. ಬಳ್ಳಾರಿಗೆ ಕಳಿಸಿದ್ರ ಮಿಷನ್ನಿಗೆ ಕೊಟ್ಟು ಸಪಾಟು ಮಾಡ್ತಾರ, ಆದ್ರ ಮಿಷನ್ನಿನೋರೆಲ್ಲ ಹಬ್ಬಕ್ಕ ಊರಿಗೆ ಹೋಗ್ಯಾರ, ಯಾವಾಗ ಬರ್ತಾರೋ ದೇವ್ರೇ ಬಲ್ಲ. ನಿಮ್ಮಜ್ಜ ತಲಿ ಕೆರ್ಕೊಂಡು, "ದಪ್ಪನ ಗಾಜು ಬೇಕು. ಗಾಜಿನ ಮ್ಯಾಲ ಪಾಲಿಶ್ ಪೇಪರ್ ಹಾಸಿ, ಸೀಮೆಣ್ಣಿ ಬಿಟ್ಟು ತಿಕ್ಕಿದ್ರ ಸಪಾಟಾಗ್ತೈತಿ. ಅಲ್ಯೂಮಿನಿಯಂ ಅದು, ತಿಕ್ಕಿದ್ರ ಮಾತು ಕೇಳ್ತೈತಿ" ಅಂದ್ರು. ದಪ್ಪನ ಗಾಜು ಯಾರ ಮನ್ಯಾಗೈತಿ? ನಮ್ಮನ್ಯಾಗ ಕಿಟಕಿಗೇ ರಟ್ಟು!

ಅತ್ತಿ ಒಳಗಿಂದ ಕೇಳ್ತಿದ್ಲು ಅಂತ ಕಾಣ್ತೈತಿ. ಜ್ವಾಳದ ಚೀಲದ ಹಿಂದಿಂದ, ಹಳೇ ಸೀರ್ಯಾಗ ಸುತ್ತಿದ್ದು ಏನೋ ಎಳ್ಕೊಂಡು ಬಂದ್ಲು. ಬಿಚ್ಚಿದ್ರ ಕನ್ನಡಿ! ಇಷ್ಟುದ್ದ, ಬೆರಳು ದಪ್ಪ, ಬೆರಳಲ್ಲ, ಅರ್ಧ ಬೆರಳು ಅನ್ರಿ. ಅಕಿ ಮದುವ್ಯಾಗ ಕಂಪ್ಲಿಯಿಂದ ಅಕಿ ಅಣ್ಣ ಕೊಟ್ಟಿದ್ದು. ಮಾವ ಹೋದ ಮ್ಯಾಲ ಗ್ವಾಡಿ ಕಡೆ ಮಾರಿ ಮಾಡಿ ಇಟ್ಟುಬಿಟ್ಟಿದ್ಲಂತ. "ನನಗೇನು ಕೆಲಸ ಇದರಾಗ. ತಿಕ್ರಿ" ಅಂದ್ಲು. ನಿಮ್ಮಜ್ಜ, "ಯವ್ವಾ, ಗೀರು ಬೀಳ್ತಾವು" ಅಂದ್ರು. "ಬೀಳ್ಲಿ ಬಿಡೋ. ಮಾರಿಗೇ ಬಿದ್ದಾವು, ಕನ್ನಡಿದೇನು."

ಅಂಗಳದ ಹಾಸುಗಲ್ಲಿನ ಮ್ಯಾಲ ಕನ್ನಡಿ ಇಟ್ವಿ. ಮೊದಲು ಹೆಡ್ಡು ಎಲ್ಲಿ ಉಬ್ಬೈತಿ ಗೊತ್ತಾಗಬೇಕಲ್ಲ, ಗಾಜಿಗೆ ತೆಳ್ಳಗ ಬಣ್ಣ ಸವರಿ ಹೆಡ್ಡು ಒತ್ತಿದ್ರ ಉಬ್ಬಿದ ಕಡೆ ಬಣ್ಣ ಹತ್ತತೈತಿ. ಬಣ್ಣ ಎಲ್ಲಿಂದ ತರೋದು? ನಿಮ್ಮಜ್ಜ ನನ್ನ ಹಣಿ ನೋಡಿ, "ಕುಂಕುಮ ಎಣ್ಣ್ಯಾಗ ಕಲಸಿದ್ರಾತು" ಅಂದ್ರು. ನನ್ನ ಕೈ ಮೊಣಕೈ ತನಕ ಕರೇ ಮಸಿ, ಅವ್ರದೂ ಹಂಗೇ. "ಅತ್ತೀ, ದೇವರ ಮಾಡಿನ್ಯಾಗಿಂದ ಕುಂಕುಮದ ಬಟ್ಟಲ ತರ್ರಿ" ಅಂದೆ. ಅತ್ತಿ ಅಲ್ಲೇ ನಿಂತ್ಲು. "ನಾನಾ?" ಅಂದ್ಲು. "ಮತ್ತಿನ್ಯಾರು, ಪಾರ್ವತಕ್ಕನ್ನ ಕರೀಲೇನು?" ಅಂದೆ. ತಂದ್ಲು, ಕೆಂಡ ಹಿಡದಂಗ ಹಿಡ್ಕೊಂಡು ತಂದ್ಲು. "ಕಲಸಿ ಸವರು ಯವ್ವಾ, ರೊಟ್ಟಿಗೆ ಎಣ್ಣಿ ಹಚ್ಚಿದಂಗ, ತೆಳ್ಳಗ" ಅಂದ್ರು ನಿಮ್ಮಜ್ಜ. ಅತ್ತಿ ಬೆರಳು ಅದ್ದಿ ಆ ಕನ್ನಡಿ ತುಂಬ ಕುಂಕುಮ ಸವರಿದ್ಲು. ಬಗ್ಗಿ ಸವರಾಕ ಹತ್ತಿದಾಕಿ ಒಮ್ಮೆಲೆ ಕೈ ನಿಲ್ಲಿಸಿದ್ಲು. ಕೆಂಪಿನ ಕೆಳಗ ಅಕಿ ಮಾರಿ. ಎಷ್ಟು ಹೊತ್ತು ನೋಡಿದ್ಲೋ. ಆಮ್ಯಾಲ ಅಂತಾಳ, "ಗಂಗಾ, ನನ್ನ ಕೂದಲ ಇಷ್ಟು ಬೆಳ್ಳಗಾಗ್ಯಾವೇನ? ಹೇಳಬಾರದೇನ ನೀ?" ನಾ, "ಕೇಳಿದ್ರ ಹೇಳ್ತಿದ್ದೆ ಬಿಡ್ರಿ" ಅಂದೆ. ಫಸಕ್ಕನ ನಕ್ಕುಬಿಟ್ಲು. ಕಾರು ಕೆಟ್ಟ ಮ್ಯಾಲ ಮೊದಲನೇ ನಗಿ ಅದು.

ಕುಂಕುಮ ಒರಸಿ, ಪೇಪರ್ ಹಾಸಿ ತಿಕ್ಕೋದು ಶುರುವಾತು. ಒಂದೇ ಕಡೆ ತಿಕ್ಕಬಾರದು, ಎಂಟರ ಅಂಕಿ ಬರದಂಗ ತಿರುವಿ ತಿರುವಿ ತಿಕ್ಕಬೇಕು. ನಾ ತಿಕ್ಕಿದೆ, ಬ್ಯಾಸರಾತು, ಗೊತ್ತೈತಲ್ಲ ನನ್ನ ಗುಣ. ಅವ್ರು ತಿಕ್ಕಿದ್ರು, ಸೊಂಟ ಹಿಡೀತು. ಅತ್ತಿ ಸೆರಗು ಸಿಗಿಸಿ, "ಸರೀರಿ ಆಕಡಿ, ರುಬ್ಬೋ ಕಲ್ಲು ಹಿಡದ ಕೈ ಇದು" ಅಂತ ಕುಂತ್ಲು ನೋಡು, ಗಳಿಗಿಗೊಮ್ಮೆ ಒರಸೋದು, ಪೇಪರ್ ಸರಿಸಿ ಕುಂಕುಮ ಸವರಿ ಒತ್ತೋದು, ನೋಡೋದು, ಮತ್ತ ತಿಕ್ಕೋದು. ಮೊದಲು ಮೂಲ್ಯಾಗ ಎರಡು ಚುಕ್ಕಿ ಹತ್ತಿತ್ತು, ಆಮ್ಯಾಲ ಅಂಗೈಯಷ್ಟಾತು. ಕಡೀಗೆ ಹೆಡ್ಡಿನ ಮಾರಿ ಈ ತುದಿಯಿಂದ ಆ ತುದಿ ಕೆಂಪಾತು, ಸ್ಕೇಲು ಹಿಡದ್ರ ಕೂದಲಷ್ಟೂ ಬೆಳಕಿಲ್ಲ. ಹೊಸಾ ಗ್ಯಾಸ್ಕೆಟ್ ಹಾಕಿ, ಬಿಗ್ಯೋ ಹೊತ್ತಿಗೆ ಮಾತ್ರ ನಡುವಿಂದ ಅಂಚಿಗೆ, ಬಿಚ್ಚಿದ್ದರ ಉಲ್ಟಾ. ಎಣ್ಣಿ ಬದಲಾತು. ರೇಡಿಯೇಟರ್ ತೊಳಿಯೋದು ಅತ್ತೀನೇ ತಗೊಂಡ್ಲು, "ಪಾತ್ರಿ ತಿಕ್ಕಿದಂಗಲ್ಲೇನು" ಅಂತ. ನಾವು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ.

ಚಾಲೂ ಮಾಡೋ ದಿನ ಓಣಿನೇ ಬಂದು ನಿಂತಿತ್ತು. ನಿಮ್ಮಜ್ಜ ತೆಂಗಿನಕಾಯಿ ತಂದು ಸೀದಾ ಅವ್ವನ ಕೈಗೆ ಕೊಟ್ರು. ಪಾರ್ವತಕ್ಕ ಸುಮ್ಕಿರ್ತಾಳೇನು, "ಮತ್ತ ಅಕಿ ಕೈಲೇನಾ? ಒಮ್ಮೆ ಆಗಿದ್ದು ಸಾಕಾಗಿಲ್ಲೇನಪ್ಪಾ?" ಅಂದ್ಲು. ಅತ್ತಿ ಕೈ ಇಳೀತು, ಕಾಯಿ ನನ್ನ ಕಡೆ ಚಾಚಿದ್ಲು. ನನ್ನ ಪಿತ್ತ ನೆತ್ತಿಗೇರ್ತು. "ಪಾರ್ವತಕ್ಕಾ, ಈ ಇಂಜಿನ್ನಿನ ತಲಿ ಸರಿ ಮಾಡಿದ್ದು ನಮ್ಮತ್ತಿ ಕೈ. ಚಾಲೂ ಆಗದಿದ್ರ ಕಾಯಿ ನಿಮ್ಮ ಕೈಲೇ ಒಡಸ್ತೀನಿ, ಆತಲ್ಲ?" ಅಂದೇಬಿಟ್ಟೆ. ನಿಮ್ಮಜ್ಜ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪೈತಿ. ಚಾವಿ ತಿರುವಿದ್ರು. ಕುರ್ ಕುರ್ ಕುರ್ ಅಂತು, ಸುಮ್ಕಾತು. ಮತ್ತ ತಿರುವಿದ್ರು. ಕುರ್ ಕುರ್. ಅತ್ತಿ ಕಣ್ಣು ನೆಲದ ಮ್ಯಾಲ. ನಾ ಎಂದೂ ದೇವರಿಗೆ ತ್ರಾಸು ಕೊಟ್ಟಾಕಿ ಅಲ್ಲ, ಅವತ್ತು ಎಲ್ಲಾರನ್ನೂ ಎಬ್ಬಿಸಿದೆ, ಸ್ವಾಮಿ, ಈ ಒಂದು ಸಲ, ನನಗಲ್ಲ, ಅಕಿಗೆ. ಮತ್ತೊಮ್ಮೆ ತಿರುವಿದ್ರು. ಹಿಡೀತು! ಬೆಳ್ಳನ ಹೊಗಿ ಒಂದಿಷ್ಟು ಬಂತು, ಪಾರ್ವತಕ್ಕ "ನೋಡ್ರಿ, ಮತ್ತ ಹೊಗಿ" ಅಂತ ಬಾಯಿ ತೆಗಿಯೋದ್ರೊಳಗ ಹೊಗಿ ತಿಳಿಯಾಗಿ, ಕಾರು ಹಾಲು ಕುಡದ ಬೆಕ್ಕಿನಂಗ ಗುರ್ರ್ ಅಂತ ನಿಂತ್ಕೊಂತು. ಅತ್ತಿ ಕಾಯಿ ಒಂದೇ ಏಟಿಗೆ ಒಡದ್ಲು. ನೀರು ಪಾರ್ವತಕ್ಕನ ಸೀರಿಗೆ ಸಿಡೀತು. ಬೇಕಂತ ಸಿಡಿಸಿದ್ಲೋ ಏನೋ, ನಾ ಕೇಳಲಿಲ್ಲ.

ಒಡದಾಕಿನೇ ಮುಂದಿನ ಬಾಗಿಲ ತೆಗದು ಕುಂತ್ಲು. "ನಡಿ, ಕಂಪ್ಲಿಗೆ. ಅಣ್ಣನ್ನ ನೋಡಿ ಭಾಳ ದಿನಾತು." ಹೋದ್ವಿ. ಕಾಲುವಿ ಪಕ್ಕದಾಗ ಹಸರ ಭತ್ತ, ಗಾಳಿ ತಣ್ಣಗ ಬರ್ತಿತ್ತು. ಅರ್ಧ ದಾರ್ಯಾಗ ಅತ್ತಿ, ಹೊರಗ ನೋಡ್ಕೊಂತ, "ರೇಡಿಯೇಟರ್ ತೊಳಿಯೋವಾಗ ಸಂದ್ಯಾಗೆಲ್ಲ ಚೆಂಡುಹೂವಿನ ಎಸಳು ಸಿಕ್ಕವು" ಅಂದ್ಲು. ನಿಮ್ಮಜ್ಜ ರೋಡು ನೋಡಿದ್ರು. ನಾ ನನ್ನ ಕಾಲುಂಗರ ನೋಡ್ಕೊಂಡೆ. ಅತ್ತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಸೆರಗು ಸರಿ ಮಾಡ್ಕೊಂಡು, "ಬರೋ ವರ್ಷ ತೆಳ್ಳಗ ಕಟ್ತೀನಿ" ಅಂದ್ಲು.

ಅಷ್ಟೇ ನೋಡ್ರಿ. ತಪ್ಪು ಹಾರದಾಗ ಇದ್ರ ಹಾರ ತೆಳ್ಳಗ ಮಾಡ್ಬೇಕು, ಕಟ್ಟೋ ಕೈನ ಬಿಡಿಸಬಾರದು.