ಗ್ರಬ್ ಬೀದಿಯ ಇಬ್ಬರು ಇತಿಹಾಸಕಾರರು

...ಇಲ್ಲ ಸ್ವಾಮಿ, ಡಾಕ್ಟರ್ ಪಂಫ್ರೆಟ್ ಈಗಷ್ಟೇ ಹೊರಗೆ ಹೋದರು. ನಾನಾ? ನಾನು ಅವರ ಕೋಣೆ ಗುಡಿಸೋನು. ಕೂತ್ಕೊಳ್ಳಿ. ಆ ದೊಣ್ಣೆ ಮೂಲೆಗಿಡಬಹುದಲ್ಲ... ಬೇಡವೇ? ಸರಿ, ತೊಡೆ ಮೇಲೇ ಇರಲಿ.

ನಾರ್ವಿಚ್‌ನಿಂದ ನಡ್ಕೊಂಡೇ ಬಂದ್ರಾ? ಡಾಕ್ಟರನ್ನ ಹೊಡೆಯೋಕೆ? ಅದಕ್ಕೆ ಲಂಡನ್‌ನಲ್ಲೇ ಜನ ಇದ್ದರಲ್ಲ.

ತಪ್ಪು ಡಾಕ್ಟರದ್ದೇ ಬಿಡಿ. ಈ ಗ್ರಬ್ ಬೀದಿಯ ಇತಿಹಾಸ ಬರೆದರು. ಮೊದಲು ಇಲ್ಲಿ ಬಿಲ್ಲು ಬಾಣ ಮಾಡೋರಿದ್ದರು, ಬಂದೂಕು ಬಂತು, ಅವರು ಹೋದರು, ಅಟ್ಟದ ಕೋಣೆಗಳ ಬಾಡಿಗೆ ಅಗ್ಗವಾಯ್ತು, ಆಮೇಲೆ ನಮ್ಮಂಥ... ಬರೆಯೋ ಜನ ಬಂದರು ಅಂತ. ಇನ್ನೊಬ್ಬ ಇತಿಹಾಸಕಾರ ಟಾಲಿವರ್ ಅವರು ಸುಮ್ಮನಿರ್ತಾರಾ? ಬಿಲ್ಲೂ ಇಲ್ಲ ಬಾಣವೂ ಇಲ್ಲ, ಇದು ಮೊದಲಿಂದಲೂ ಹಂದಿ ಸಾಕೋರ ಬೀದಿ, ಡಾಕ್ಟರ್ ಅದೇ ಹಂದಿಗಳ ವಂಶ ಅಂತ ತಿರುಗಿ ಬರೆದರು. ಎಂಥ ಬರಹ ಅದು... ಡಾಕ್ಟರ್ ಅದಕ್ಕೆ ಉತ್ತರ ಕೊಟ್ಟರು. ಟಾಲಿವರ್ ಅವರ ಸತ್ತ ತಾಯಿಯನ್ನೂ ಬಿಡಲಿಲ್ಲ. ಅದನ್ನ ಓದಿ ನೀವು ಅತ್ತಿರಾ? ನಿಜವಾಗಿ? ಯಾವ ಪುಟದಲ್ಲಿ?

ಕೆಳಗಿನ ಮುದ್ರಕ ಎರಡನ್ನೂ ಅಚ್ಚು ಹಾಕ್ತಾನೆ. ಜಗಳ ಇಲ್ಲದ ಇತಿಹಾಸ ಯಾರು ಓದ್ತಾರೆ ಸ್ವಾಮಿ?

ಟಾಲಿವರ್ ಅವರ ಕೈ ಕುಲುಕಬೇಕೇ? ಅವರೂ... ಹ್ಞೂಂ, ಇಲ್ಲೇ ಇರೋದು. ಇದೇ ಕೋಣೆ. ಮುದ್ರಕ ಸರಿಯಾಗೇ ಹೇಳಿದ್ದಾನೆ. ಯಾಕೆ ನಗ್ತೀರಿ? ಈ ಬೀದಿಯಲ್ಲಿ ಹಾಗೇ. ಹಾಸಿಗೆ ಒಂದೇ. ಹಗಲು ಡಾಕ್ಟರ್ ಮಲಗ್ತಾರೆ, ರಾತ್ರಿ ಟಾಲಿವರ್. ಒಬ್ಬರ ಮುಖ ಒಬ್ಬರು ನೋಡೋದೇ ಇಲ್ಲ.

ಈಗ ಹಗಲೇ, ಹೌದು. ಡಾಕ್ಟರಿಗೆ ಇವತ್ತು ನಿದ್ದೆ ಬರಲಿಲ್ಲ.

ಕುರ್ಚಿಯೂ ಒಂದೇ, ಅದರಲ್ಲಿ ನೀವು ಕೂತಿದ್ದೀರಿ. ಕೋಟೂ ಒಂದೇ, ಆ ಗೂಟದಲ್ಲಿರೋದು. ಅಲ್ಲ, ಅವರು ಹೊರಗೆ ಹೋಗಿರೋದು ಕೋಟಿಲ್ಲದೆ... ಸೆಕೆ ಅಂದರು. ಡಿಸೆಂಬರ್ ಆದ್ರೇನು, ಕೆಲವರ ಮೈಗೆ ಸೆಕೆ ಆಗಬಾರದೇ? ನನ್ನ ಬೆರಳಾ? ಗುಡಿಸುವಾಗ ಮಸಿ ಅಂಟಿತು. ಕಿವಿಯ ಹಿಂದೆ? ಅದು ಗರಿಯ ಲೇಖನಿ... ಗುಡಿಸುವಾಗ ಸಿಕ್ಕಿತು.

ಆ ದೊಣ್ಣೆ ಯಾಕೆ ಎತ್ತಿಕೊಂಡಿರಿ?

ಬೇರೆ ಏನಾದರೂ ಮಾತಾಡೋಣ ಸ್ವಾಮಿ. ಟಾಲಿವರ್ ಅವರ ಆ ಹಂದಿ ವಂಶಾವಳಿ ಬಗ್ಗೆನಾದ್ರೂ... ಎದ್ದಿರಾ? ಬಾಗಿಲಿಗೆ ಚಿಲಕ ಯಾಕೆ?

ಸರಿ. ಡಾಕ್ಟರನ್ನ ಹೊಡೀರಿ. ತಾಯಿಯ ಬಗ್ಗೆ ಅಂಥ ಮಾತು ಬರೆದವರಿಗೆ ಅದು ಬೇಕಾದ್ದೇ, ನಾನೂ ಒಪ್ತೀನಿ. ಬಲಗೈಗೆ ಮಾತ್ರ ಬೇಡ ಸ್ವಾಮಿ. ಅದು ಟಾಲಿವರ್ ಅವರದು.