ಆರನೇ ವಾರದ ಕಾಲು

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ, ನನ್ನಜ್ಜಿ ಹಿಂದೊಮ್ಮೆ ಹೇಳುತ್ತ ಹೇಳುತ್ತ ಅರ್ಧಕ್ಕೇ ನಿದ್ದೆಹೋಗಿ ಬಿಟ್ಟಿದ್ದ ಕಥೆಯೊಂದನ್ನು ಮನಸ್ಸಿನಲ್ಲೇ ಮುಗಿಸುತ್ತ ನಿಂತಿದ್ದೆ. ಮುಂದೆ ಇಬ್ಬರು ವಿದ್ಯಾರ್ಥಿನಿಯರಿದ್ದರು. ಪೆನ್‌ಡ್ರೈವ್ ಹಿಡಿದವಳಿಗೆ ಉದ್ದ ಜಡೆ. ಲ್ಯಾಪ್‌ಟಾಪ್ ನೋಡುತ್ತಿದ್ದವಳಿಗೆ ಕನ್ನಡಕ. ರೇಗಿದ್ದು ಕನ್ನಡಕದವಳು.

"ಪ್ರಾಜೆಕ್ಟಿಂದು ಈ ಬಣ್ಣದ ವೇಳಾಪಟ್ಟಿ ನೀನೇ ಮಾಡಿದ್ದೇನೇ?"

"ಹೂಂ ಕಣೇ. ಯಾಕೆ?"

"ಆರನೇ ವಾರ, 'ಗೈಡ್ ಮೇಡಂ ಕಾಲು ಮುರಿದಿದೆ, ಭೇಟಿ ಇಲ್ಲ' ಅಂತಿದೆ. ಅವರ ಕಾಲು ಯಾವಾಗ ಮುರೀತು?"

ಜಡೆಯವಳು ಜಡೆಯ ತುದಿ ಕಚ್ಚಿದಳು. "ಹೋದ್ವರ್ಷ."

"ಅಂದ್ರೆ ಸೀನಿಯರ್‌ಗಳದ್ದು ಎತ್ತಿದೀಯ!"

"ಹೆಸರು ಬದಲಾಯಿಸಿದೀನಲ್ಲ! ಆ ಸಾಲು ಅಳಿಸಿಬಿಟ್ರಾಯ್ತು."

"ಆ ಮೇಡಮ್ಮೇ ಕಣೇ ಎದುರು ಕೂತು ಮಾರ್ಕ್ಸ್ ಹಾಕೋದು. 'ಇದು ನಮ್ಮದೇ ಕೆಲಸ' ಅಂತ ಮೊದಲ ಹಾಳೇಲಿ ನಾನೂ ಸಹಿ ಹಾಕಿದೀನಿ. ಸಿಕ್ಕಿಬಿದ್ರೆ ಇಬ್ರೂ ಫೇಲು. ಸಿಕ್ಕಿಬೀಳದಿದ್ರೂ ಆ ಸಹಿ ಸುಳ್ಳೇ ತಾನೆ?"

"ಹನ್ನೊಂದಕ್ಕೆ ಪ್ರೆಸೆಂಟೇಶನ್ನು. ಈಗೇನ್ ಮಾಡೋಣ ಮಾರಾಯ್ತಿ?"

"ಯಾವ ವಾರ ನಾವು ಏನು ಮಾಡಿದ್ವೋ ಅದನ್ನ ಬರಿ."

"ಮೂರು ವಾರ ನಾವು ಏನೂ ಮಾಡ್ಲೇ ಇಲ್ವಲ್ಲೇ!"

"ಹಾಗಂತಾನೇ ಬರಿ. ಅದಾದ್ರೂ ನಮ್ದು."

"ಯಾರಮ್ಮಾ ಮುಂದಿನೋರು?" ಎಂದ ಅಂಗಡಿಯವನು.

ಇಬ್ಬರೂ ಸಾಲು ಬಿಟ್ಟು ಪಕ್ಕದ ಮೆಟ್ಟಿಲ ಕಡೆ ಹೊರಟರು. ನಾನು ಮುಂದೆ ಸರಿದೆ. ನನ್ನ ಕಿವಿ ಮಾತ್ರ ಅವರ ಹಿಂದೆಯೇ ಹೋಯಿತು.

"ಸುಮ್ನೆ ಕೂತಿದ್ದ ವಾರಕ್ಕೆ ಯಾವ ಬಣ್ಣ ಹಾಕ್ಲೇ?"

"ಖಾಲಿ ಬಿಡೇ, ಖಾಲಿ!"