ನೀಲಾವತಿ ಸಿಸ್ಟರ್ ಹಿಡಿದ ನಾಡಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನಮ್ಮ ಆಸ್ಪತ್ರೆಯ ಡಾಕ್ಟರರೇ, ಇಂದಿನ ಬೀಳ್ಕೊಡುಗೆಯನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿರುವ ನೀಲಾವತಿ ಸಿಸ್ಟರೇ, ಬೆಳ್ತಂಗಡಿ ಪೇಟೆಯ ಹಿರಿಯರೇ, ತಾಯಂದಿರೇ, ಈ ಹೋಟೆಲಿನವನ ಮಾತು ಬೇಗ ಮುಗಿದರೆ ಕಾಫಿ ಸಿಕ್ಕೀತು ಎಂದು ಕಾಯುತ್ತಿರುವ ಸಭಿಕರೇ,

ಕಾಫಿ ನನ್ನ ಹೋಟೆಲಿನಿಂದಲೇ ಬರಬೇಕು. ನಾನು ಇಳಿಯದೆ ಅದು ಬರುವುದಿಲ್ಲ. ಆದ್ದರಿಂದ ನಿಧಾನವಾಗಿ ಕೇಳಿ.

ಐವತ್ತಮೂರನೇ ಇಸವಿಯಲ್ಲಿ ಮೂಡಬಿದಿರೆಯ ಬಸ್ಸಿನಿಂದ ತಗಡಿನ ಪೆಟ್ಟಿಗೆ ಹಿಡಿದು ಇಳಿದವರು ನಮ್ಮ ಸಿಸ್ಟರ್. ಇವತ್ತು, ಅರವತ್ತೊಂಬತ್ತರಲ್ಲಿ, ಅದೇ ಪೆಟ್ಟಿಗೆ ಹಿಡಿದು ಮೂಡಬಿದಿರೆಯ ತಂಗಿಯ ಮನೆಗೆ ಹೊರಟಿದ್ದಾರೆ. ಇವರ ಸೇವೆಯ ಬಗ್ಗೆ ಮಾತನಾಡಬೇಕೆಂದು ಕಮಿಟಿಯವರ ಅಪ್ಪಣೆ. ಸೇವೆ ಎಂದರೇನು? ಸೂಜಿ ಚುಚ್ಚುವುದೇ? ಸೂಜಿ ಚುಚ್ಚುವವರು ಎಲ್ಲ ಊರಲ್ಲೂ ಇದ್ದಾರೆ. ಚುಚ್ಚಿ ಆದ ಮೇಲೆ ಕೈ ಹಿಡಿದು ಕೂರುವವರು ಎಷ್ಟು ಮಂದಿ? ನಾನು ಆ ಕೂರುವುದರ ಬಗ್ಗೆ ಮಾತ್ರ ಹೇಳುತ್ತೇನೆ.

ನನ್ನ ಹೆಂಡತಿ ಕಾಂತಿಗೆ ಉಬ್ಬಸ. ಇದು ಗುಟ್ಟಲ್ಲ, ಅವಳ ಉಸಿರಿನ ಶಿಳ್ಳೆ ಕೇಳಿಯೇ ನಮ್ಮ ನೆರೆಮನೆಯವರು ಮಳೆ ಬರುತ್ತದೆ ಎಂದು ಬಟ್ಟೆ ತೆಗೆಯುತ್ತಿದ್ದರು. ಐವತ್ತಾರರಲ್ಲಿ, ಅವಳು ಚಾರ್ಮಾಡಿಯ ತವರಿನಲ್ಲಿದ್ದಾಗ ಉಬ್ಬಸ ವಿಪರೀತವಾಗಿ, ಅವಳ ಸೋದರಮಾವ ಡೊಂಬಯ್ಯ ಶೆಟ್ಟರು ಜೀಪಿನಲ್ಲಿ ಹಾಕಿಕೊಂಡು ಬಂದರು. ಸುದ್ದಿ ತಿಳಿದು ನಾನು ಹೋಟೆಲಿನಿಂದ ಓಡಿದೆ. ಸಭಿಕರೇ, ನಾನು ಗಂಡ, ನಿಜ. ಆದರೆ ತಾಯಿಯ ಕಡೆಯಿಂದಲೇ ವಂಶ ನಡೆಯುವ ಅಳಿಯಕಟ್ಟಿನ ಮನೆತನದಲ್ಲಿ ಗಂಡ ಎಂದರೆ ಹಬ್ಬದೂಟಕ್ಕೆ ಬಂದ ನೆಂಟನಿದ್ದ ಹಾಗೆ. ಮಾತು ಮಾವನದ್ದು. ನಾನು ಬಾಗಿಲಿನ ಹೊರಗೆ ನಿಂತೆ.

ಸಿಸ್ಟರ್ ಆಡ್ರಿನಾಲಿನ್ ಇಂಜೆಕ್ಷನನ್ನು ತೋಳಿನ ಚರ್ಮದಡಿಗೆ ಕೊಟ್ಟರು. ತುಸು ಹೊತ್ತಿನಲ್ಲಿ ಕಾಂತಿಯ ಮುಖ ಬಿಳಿಚಿತು, ಬೆರಳು ನಡುಗಿತು, ತೋಳು ನಡುಗಿತು, ಎದೆ ಹಾರುವುದು ಸೀರೆಯ ಮೇಲೆಯೇ ಕಾಣುತ್ತಿತ್ತು. ಮಾವ ಏನು ಮಾಡಿದರು? ತಲೆಯ ಮುಂಡಾಸು ತೆಗೆದರು. ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದರು. ಮಂಚದ ಮುಂದೆ ಕೈ ಮುಗಿದು, "ಯಾವ ಶಕ್ತಿ ಬಂದದ್ದು? ನಮ್ಮಿಂದ ಎಂತ ತಪ್ಪಾಗಿದೆ? ನುಡಿ ಕೊಡಬೇಕು" ಎಂದರು!

ನಗಬೇಡಿ. ಅಲ್ಲಿದ್ದ ಯಾರೂ ನಗಲಿಲ್ಲ. ನಮ್ಮ ಸೀಮೆಯಲ್ಲಿ ಒಂದು ಮೈ ಹಾಗೆ ನಡುಗಿದರೆ ಅದು ದೈವ ಮೈಮೇಲೆ ಬಂದ ದರ್ಶನವೇ ಎಂದು ನಂಬಿ ಬೆಳೆದವರು ನಾವು. ನಾನೂ ಹೊರಗೆ ಕೈ ಮುಗಿದೇ ನಿಂತಿದ್ದೆ. ಮಾವ ಜೀಪಿಗೆ ಹೇಳಿಕಳುಹಿಸಿದರು. ದೈವ ಬಂದ ಹುಡುಗಿಯನ್ನು ಮನೆಯ ದೈವದ ಚಾವಡಿಗೆ ಕರೆದೊಯ್ಯಬೇಕು, ಆಸ್ಪತ್ರೆಯ ಮಂಚದಲ್ಲಿ ಮಲಗಿಸಬಾರದು. ಆ ಗುಂಡಿಬಿದ್ದ ರಸ್ತೆಯಲ್ಲಿ ಅವಳನ್ನು ಮತ್ತೆ ಕುಲುಕಿಸಿಕೊಂಡು ಹೋಗಿದ್ದರೆ ಏನಾಗುತ್ತಿತ್ತು?

ಸಿಸ್ಟರ್ ಕಾಂತಿಯ ಮಣಿಕಟ್ಟನ್ನು ಬಿಡಲಿಲ್ಲ, ಸ್ವರವನ್ನೂ ಏರಿಸಲಿಲ್ಲ. "ಶೆಟ್ರೇ, ದೈವಕ್ಕೆ ನಾನೂ ಕೈ ಮುಗಿಯುವವಳೇ. ಆದರೆ ಇದು ಮದ್ದಿನ ಓಟ. ಉಸಿರಿನ ದಾರಿ ಬಿಡಿಸುವಾಗ ಎದೆಯನ್ನೂ ಓಡಿಸ್ತದೆ, ಕೈಯನ್ನೂ ನಡುಗಿಸ್ತದೆ. ಸ್ವಲ್ಪ ಹೊತ್ತಲ್ಲಿ ಇಳೀತದೆ. ನೀವೇ ಹತ್ತಿರ ಬಂದು ಕೇಳಿ, ಶಿಳ್ಳೆ ಉಂಟಾ?" ಎಂದರು. ಮಾವ ಬಗ್ಗಿ ಕಿವಿಗೊಟ್ಟರು. ಶಿಳ್ಳೆ ಕರಗುತ್ತಾ ಬಂದಿತ್ತು. ಕಾಂತಿ, "ಮಾವ, ಬಾಯಾರಿಕೆ" ಎಂದಳು. ಮಾವ ಜೀಪನ್ನು ಹಿಂದೆ ಕಳಿಸಿದರು.

ಅಂದಿನಿಂದ ಸಿಸ್ಟರ್ ಒಂದು ಪದ್ಧತಿ ಮಾಡಿಕೊಂಡರು. ಆ ಇಂಜೆಕ್ಷನ್ ಕೊಡುವ ಮೊದಲು ರೋಗಿಗೂ ಮನೆಯವರಿಗೂ ಹೇಳುವುದು: ನಡುಕ ಬರ್ತದೆ, ಎದೆ ಡಬಡಬ ಅಂತದೆ, ಹೆದರ್ಬೇಡಿ, ನಾನು ಕೈ ಹಿಡಿದು ಕೂತಿರ್ತೇನೆ. ಉಬ್ಬಸಕ್ಕೆ ಆ ಇಂಜೆಕ್ಷನ್ ಚುಚ್ಚಿಸಿಕೊಂಡ ಜೈನಬಮ್ಮನವರು ಇಲ್ಲೇ ಕೂತಿದ್ದಾರೆ, ಕೇಳಿ. ಅವರಿಗೆ ಮದ್ದಿಗಿಂತ ಆ ಕೈ ಹೆಚ್ಚು ನಾಟಿದೆಯಂತೆ.

ಇನ್ನು ಮುಂದಿನದ್ದು ಊರಿನವರಿಗೆ ಗೊತ್ತಿಲ್ಲ. ಸಿಸ್ಟರ್ ಯಾರ ಹತ್ತಿರವೂ ಆಡಲಿಲ್ಲ. ನಿನ್ನೆ ಡೊಂಬಯ್ಯ ಮಾವ ಹೋಟೆಲಿಗೆ ಬಂದು, "ಶೀನಪ್ಪ, ನಾಳೆ ಅದನ್ನು ಹೇಳಿಬಿಡು. ನನ್ನ ಮರ್ಯಾದೆ ಉಳಿಸ್ಲಿಕ್ಕೆ ಹೋಗಿ ಆ ಹೆಂಗಸಿನ ದೊಡ್ಡಸ್ತಿಕೆ ಮುಚ್ಚಿಡುವುದಾ?" ಎಂದರು. ಮಾವ ಮುಂದಿನ ಸಾಲಿನಲ್ಲೇ ಇದ್ದಾರೆ. ಆದ್ದರಿಂದ ಹೇಳುತ್ತೇನೆ.

ಕಳೆದ ವರ್ಷ ಮಾವನಿಗೆ ಎದೆನೋವು ಬಂದು, ಮಂಗಳೂರಿನ ದೊಡ್ಡ ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟರು. ಎದೆಯ ಓಟವನ್ನು ಹಿಡಿದು ನಿಲ್ಲಿಸುವ ಮಾತ್ರೆ. ಮಾವನಿಗೆ ಚೆನ್ನಾಗಿ ಹಿಡಿಸಿತು. ಗುಡ್ಡೆ ಹತ್ತುವಷ್ಟು ಗುಣವಾಯಿತು. ಮಾವನ ಸ್ವಭಾವ ನಿಮಗೆ ಗೊತ್ತು. ತಮಗೆ ರುಚಿಸಿದ ಹಲಸಿನ ಹಣ್ಣನ್ನು ಅರ್ಧ ಊರಿಗೆ ಹಂಚುವವರು. ಒಂದು ಬೆಳಿಗ್ಗೆ, ತವರಿಗೆ ಹೋಗಿದ್ದ ಕಾಂತಿ, "ಮಾವ, ಉಬ್ಬಸ ಏಳುವ ಹಾಗೆ ಉಂಟು. ಆ ಇಂಜೆಕ್ಷನಿಗೆ ಎದೆ ಹಾರ್ತದೆ, ಅದೇ ಹೆದರಿಕೆ" ಎಂದಳಂತೆ. ಎದೆ ಹಾರುವುದಕ್ಕೆ ತಮ್ಮಲ್ಲೇ ಮದ್ದು ಇರುವಾಗ ಸೋದರಸೊಸೆಗೆ ಕೊಡದೆ ಇರುತ್ತಾರೆಯೇ? ಪ್ರೀತಿಯಿಂದಲೇ ಕೊಟ್ಟರು.

ಮಧ್ಯಾಹ್ನಕ್ಕೆ ಕಾಂತಿಯ ತುಟಿ ನೀಲಿ. ಮಾವ ಆಸ್ಪತ್ರೆಗೆ ತಂದಾಗ ಅವಳ ಮಾತು ನಿಂತಿತ್ತು. ಓಡಿಬಂದ ನಾನು ಈ ಸಲವೂ ಬಾಗಿಲಿನ ಹೊರಗೇ. ನಮ್ಮ ಡಾಕ್ಟರರು ಆಡ್ರಿನಾಲಿನ್ ಹೇಳಿದರು. ಸಿಸ್ಟರ್ ಸಿರಿಂಜಿಗೆ ಮದ್ದು ಎಳೆದು, ರೂಢಿಯಂತೆ ಮೊದಲು ಮಣಿಕಟ್ಟು ಹಿಡಿದರು. ಹಿಡಿದವರು ತಡೆದರು.

"ಡಾಕ್ಟ್ರೇ, ಇಷ್ಟು ಉಬ್ಬಸದಲ್ಲಿ ನಾಡಿ ಓಡಬೇಕಲ್ಲ? ಇವರದ್ದು ಮೆಲ್ಲ ನಡೀತಾ ಉಂಟು."

ಡಾಕ್ಟರರು ನಾಡಿ ನೋಡಿ, "ಬೇರೆ ಎಂತ ಮದ್ದು ಕೊಟ್ಟಿದ್ದೀರಿ?" ಎಂದು ಕೇಳಿದರು. ಮಾವ ಮಾಡಿನ ಹಂಚು ನೋಡುತ್ತಿದ್ದರು. ಆ ಮನೆತನದಲ್ಲಿ ಅವರನ್ನು ಪ್ರಶ್ನೆ ಕೇಳಿದವರು ಅಲ್ಲಿಯವರೆಗೆ ಇರಲಿಲ್ಲ. ಕಾಂತಿಯ ಒಂದೊಂದು ಉಸಿರೂ ಬಾವಿಯಿಂದ ಕೊಡಪಾನ ಎಳೆದ ಹಾಗೆ ಬರುತ್ತಿತ್ತು. ಆಗ ಸಿಸ್ಟರ್ ಮಾವನ ಕಡೆ ತಿರುಗಿ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: "ಶೆಟ್ರೇ, ತಪ್ಪು ಹುಡುಕ್ಲಿಕ್ಕೆ ಕೇಳುವುದಲ್ಲ. ಮದ್ದು ಬದಲಿಸ್ಲಿಕ್ಕೆ ಕೇಳುವುದು."

ಮಾವ ಸೊಂಟದ ಮಡಿಕೆಯಿಂದ ಮಾತ್ರೆಯ ಕುಪ್ಪಿ ತೆಗೆದು ಅವರ ಕೈಯಲ್ಲಿಟ್ಟರು. "ನಂದೇ ಕೊಟ್ಟೆ. ನನಗೆ ಆದ ಗುಣ ಅವಳಿಗೂ ಆಗ್ಲಿ ಅಂತ" ಎಂದು ಅತ್ತರು. ಡೊಂಬಯ್ಯ ಶೆಟ್ಟರು ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಆಮೇಲೆ ಸಿಸ್ಟರ್ ನನಗೆ ಅರ್ಥ ಮಾಡಿಸಿದರು. ಇಂಜೆಕ್ಷನ್ ತಟ್ಟುವ ಬಾಗಿಲಿಗೇ ಆ ಮಾತ್ರೆ ಒಳಗಿನಿಂದ ಚಿಲಕ ಹಾಕುತ್ತದಂತೆ. ಎದೆಯ ಬಾಗಿಲಿಗೆ ಚಿಲಕ ಬಿದ್ದರೆ ಮಾವನಿಗೆ ಗುಣ. ಉಸಿರಿನ ಬಾಗಿಲಿಗೂ ಬಿದ್ದರೆ ಉಬ್ಬಸದವರಿಗೆ ಆಪತ್ತು. ಹೊರಗಿನಿಂದ ಎಷ್ಟು ತಟ್ಟಿದರೂ ಸರಿಯಾಗಿ ತೆರೆಯುವುದಿಲ್ಲ, ಮೇಲಿಂದ ರಕ್ತದ ಒತ್ತಡ ಏರುವ ಭಯ. ಡಾಕ್ಟರರು ಆ ಸಿರಿಂಜನ್ನು ಬದಿಗಿಡಿಸಿ, ಆಕ್ಸಿಜನ್ ಹಚ್ಚಿಸಿ, ಬೇರೆ ಮದ್ದನ್ನು ರಕ್ತನಾಳಕ್ಕೆ ಮೆಲ್ಲಮೆಲ್ಲಗೆ ಹಾಕಿದರು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಹೆರಿಗೆಯ ಕೂಗು. ಸಿಸ್ಟರ್ ಸುತ್ತ ನೋಡಿದರು. ಬಾಗಿಲಿನ ಹೊರಗೆ ನಿಂತ ನನ್ನನ್ನು ಕರೆದು, ಕಾಂತಿಯ ಮಣಿಕಟ್ಟನ್ನು ನನ್ನ ಬೆರಳಿಗೆ ಹಿಡಿಸಿದರು. "ಓಟ ಹೆಚ್ಚಾದ್ರೂ ಕರೀರಿ, ತಪ್ಪಿ ತಪ್ಪಿ ನಡೆದ್ರೂ ಕರೀರಿ. ಬಿಡ್ಬೇಡಿ."

ಸಭಿಕರೇ, ನಮ್ಮದು ಅಷ್ಟು ವರ್ಷದ ಸಂಸಾರ. ನಾಲ್ಕು ಜನರ ಎದುರು, ಅದರಲ್ಲೂ ಮಾವನ ಎದುರು, ನಾನು ಅವಳ ಕೈ ಮುಟ್ಟಿದವನಲ್ಲ. ಹಿಡಿದೆ. ಮಾವನೇ ನನಗೊಂದು ಸ್ಟೂಲು ಎಳೆದುಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಕಾಂತಿ ಕಣ್ಣು ಬಿಟ್ಟು, ತನ್ನ ಕೈಯನ್ನು ನೋಡಿ, ನನ್ನನ್ನು ನೋಡಿ, "ಹೋಟೆಲು ಯಾರು ನೋಡ್ತಾರೆ?" ಎಂದಳು. ನನಗೆ ಅಷ್ಟು ಸಂತೋಷ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೋ ಹೋದೆ. ಸೇವೆಯ ಬಗ್ಗೆ ಹೇಳಬೇಕಿತ್ತು. ನನ್ನ ಕೈಯಲ್ಲಿರುವ ಕಾಗದ ನಡುಗುತ್ತಿದೆ, ಎದೆಯೂ ಹಾರುತ್ತಿದೆ. ಯಾರೂ ಇಂಜೆಕ್ಷನ್ ಕೊಟ್ಟಿಲ್ಲ. ಆ ಮದ್ದು ಮನುಷ್ಯನ ಮೈಯಲ್ಲೂ ಹುಟ್ಟುತ್ತದೆ ಎಂದು ಸಿಸ್ಟರೇ ಹೇಳಿದ್ದರು. ಇಳಿಯುತ್ತದೆ, ಹೆದರುವುದಿಲ್ಲ.

ಆದರೆ ಸಿಸ್ಟರೇ, ನೀವು ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ನಿಮ್ಮ ಕೈಯೂ ನಡುಗುತ್ತಾ ಉಂಟು, ನನಗೆ ಇಲ್ಲಿಂದಲೇ ಕಾಣುತ್ತದೆ. ಊರಿನವರೆಲ್ಲರ ನಾಡಿ ಹಿಡಿದಿರಿ. ನಿಮ್ಮದನ್ನು ಹಿಡಿದವರು ಯಾರು?

ಕಾಂತಿ, ವೇದಿಕೆಗೆ ಬಾ. ಹಾರ ಆಮೇಲೆ ಹಾಕುವ. ಮೊದಲು ಸಿಸ್ಟರ್ ಪಕ್ಕದಲ್ಲಿ ಕೂತು ಆ ಕೈ ಹಿಡಿ. ಮೂಡಬಿದಿರೆಯ ಬಸ್ಸು ಬರುವವರೆಗೆ ಬಿಡಬೇಡ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ಧನ್ಯವಾದ. ಕಾಫಿ ತರಲು ನಾನೇ ಹೋಗುತ್ತೇನೆ. ನಮಸ್ಕಾರ.